ನ್ಯಾನೊ ಕಣ ಹೊಕ್ಕ ಕೋಶ ತನ್ನನ್ನೇ ತಿನ್ನುತ್ತದೆಯೇ?

ಪ್ರಶ್ನೆ: ನಾನು ರಾಣೇಬೆನ್ನೂರು ತಾಲೂಕಿನ ರೈತ. ಗೋವಿನಜೋಳ, ಹತ್ತಿ ಬೆಳಿತೀನ್ರಿ. ಮಗಳು ಧಾರವಾಡದಾಗ ಎಂ.ಎಸ್ಸಿ. ಓದಾಕತ್ತಾಳ. ಈ ವರ್ಷ ಆಕಿ ಪ್ರಾಜೆಕ್ಟ್ ಬೆಳ್ಳಿ ನ್ಯಾನೊ ಕಣದ ಮ್ಯಾಲ ಐತಿ. ‘ಈ ಕಣ ಹಾಕಿದ್ರ ಜೀವಕೋಶ ತನ್ನನ್ನ ತಾನ ತಿನ್ನಾಕ ಸುರು ಮಾಡತೈತಿ, ಅದಕ್ಕ ಆಟೊಫೇಜಿ ಅಂತಾರ’ ಅಂತ ಹೇಳಿದ್ಲು. ಕೇಳಿ ಎದಿ ಝಲ್ ಅಂತು. ನಾವು ಹೊಲಕ್ಕ ನ್ಯಾನೊ ಯೂರಿಯಾ ಹೊಡಿಯಾಕತ್ತೀವಿ, ಅದೂ ಹಂಗ ಮಾಡತೈತೇನು? ಕ್ಯಾನ್ಸರಿಗೂ ನ್ಯಾನೊ ಔಷಧ ಕೊಡತಾರಂತ. ಕೋಶ ತಿನ್ನಿಸೋ ಕಣ ಔಷಧ ಹ್ಯಾಂಗ ಆಗತೈತಿ? ಮಗಳು ದಿನಾ ಇದನ್ನ ಮುಟ್ಟತಾಳ, ಆಕಿಗೆ ಏನಾರ ಆದೀತೇನು? ಸ್ವಲ್ಪ ಬಿಡಿಸಿ ಹೇಳ್ರಿ.

ಉತ್ತರ: ಎದೆ ಝಲ್ ಎನ್ನುವಂಥದ್ದು ಇದರಲ್ಲಿ ಏನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆಟೊಫೇಜಿ ನ್ಯಾನೊ ಕಣ ತರುವ ರೋಗವಲ್ಲ. ನೀವು ಈ ಸಾಲು ಓದುವಾಗಲೂ ನಿಮ್ಮ ಯಕೃತ್ತು, ಸ್ನಾಯು, ಮಿದುಳಿನ ಕೋಶಗಳಲ್ಲಿ ಅದು ನಡೆದೇ ಇದೆ. ಹಳತಾದ ಪ್ರೋಟೀನು, ಕೆಟ್ಟುಹೋದ ಮೈಟೊಕಾಂಡ್ರಿಯಾ (ಕೋಶಕ್ಕೆ ಶಕ್ತಿ ಒದಗಿಸುವ ಭಾಗ), ಒಳನುಗ್ಗಿದ ಬ್ಯಾಕ್ಟೀರಿಯಾ ಇಂಥವನ್ನು ಕೋಶವು ಪೊರೆಯ ಚೀಲದಲ್ಲಿ ಕಟ್ಟಿ, ಒಡೆದು, ಸಿಕ್ಕಿದ ಸಾಮಗ್ರಿಯನ್ನು ಮತ್ತೆ ಬಳಸಿಕೊಳ್ಳುತ್ತದೆ. ಉಪವಾಸವಿದ್ದಾಗ ಯಕೃತ್ತಿನಲ್ಲಿ ಈ ಕೆಲಸ ಜೋರಾಗುತ್ತದೆ. ಹೊರಗಿನಿಂದ ಊಟ ಬಾರದಿದ್ದಾಗ ಇದ್ದುದರಲ್ಲೇ ಹೊಂದಿಸಿಕೊಳ್ಳಬೇಕಲ್ಲ. ಆಟೊಫೇಜಿಗೆ ಬೇಕಾದ ಒಂದು ಮುಖ್ಯ ಜೀನನ್ನು ತೆಗೆದುಹಾಕಿದ ಇಲಿಮರಿಗಳು ಹುಟ್ಟಿದ ಒಂದು ದಿನದೊಳಗೆ ಸಾಯುತ್ತವೆ. ಹೊಕ್ಕುಳಬಳ್ಳಿಯಿಂದ ಬರುತ್ತಿದ್ದ ಆಹಾರ ನಿಂತಾಗಿನ ಆ ಮೊದಲ ಹಸಿವನ್ನು ದಾಟುವ ಶಕ್ತಿ ಅವಕ್ಕೆ ಇರುವುದಿಲ್ಲ. ಹೀಗಾಗಿ ಇದು ಸಾವಿನ ದಾರಿ ಎನ್ನುವುದಕ್ಕಿಂತ ಬದುಕುವ ದಾರಿ ಎನ್ನುವುದೇ ಸರಿ.

ಹಾಗಾದರೆ ಮಗಳು ಹೇಳಿದ್ದು ತಪ್ಪೇ? ತಪ್ಪಲ್ಲ, ಅರ್ಧ ಮಾತು. ಕೆಲವು ಕಣಗಳು ಆಟೊಫೇಜಿಯನ್ನು ಶುರು ಮಾಡಿಸುತ್ತವೆ. ಇನ್ನು ಕೆಲವು ಅದರ ಕೊನೆಯ ಹಂತವನ್ನು ಕಟ್ಟಿಹಾಕುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಎರಡೂ ಒಂದೇ ಥರ ಕಾಣುತ್ತವೆ ಎಂಬುದೇ ಈ ವಿಷಯದ ನಿಜವಾದ ತೊಡಕು. ಔಷಧವೋ ವಿಷವೋ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಇದರ ಮೇಲೇ ನಿಂತಿದೆ. ಅದಕ್ಕಾಗಿ ಸ್ವಲ್ಪ ಮೂಲದಿಂದ ಹೇಳುತ್ತೇನೆ.

ಕೋಶದೊಳಗೆ ಲೈಸೊಸೋಮ್ ಎಂಬ ಸಣ್ಣ ಚೀಲಗಳಿವೆ. ಒಳಗೆ ಆಮ್ಲ, ಜೊತೆಗೆ ಪ್ರೋಟೀನು, ಕೊಬ್ಬು, ಸಕ್ಕರೆ ಎಲ್ಲವನ್ನೂ ಕಡಿಯಬಲ್ಲ ಹತ್ತಾರು ಬಗೆಯ ಕಿಣ್ವಗಳು. ಬೆಲ್ಜಿಯಂನ ಕ್ರಿಸ್ಟಿಯಾನ್ ದ ದುವ್ ಇವನ್ನು 1955ರಲ್ಲಿ ಗುರುತಿಸಿದರು, ಆಟೊಫೇಜಿ ಎಂಬ ಹೆಸರನ್ನು 1963ರಲ್ಲಿ ಕೊಟ್ಟವರೂ ಅವರೇ. 1974ರಲ್ಲಿ ಅವರಿಗೆ ನೊಬೆಲ್ ಬಂತು. ಆಮೇಲೆ ಬಹಳ ವರ್ಷ ಈ ಕ್ಷೇತ್ರ ಹೆಚ್ಚು ಮುಂದಕ್ಕೆ ಹೋಗಲಿಲ್ಲ. ಜಪಾನಿನ ಯೊಶಿನೊರಿ ಒಸುಮಿ ಬ್ರೆಡ್ಡಿಗೆ ಹಾಕುವ ಯೀಸ್ಟನ್ನೇ ಹಿಡಿದು ಕುಳಿತರು. ಕಡಿಯುವ ಕಿಣ್ವಗಳಿಲ್ಲದ ಯೀಸ್ಟ್ ತಳಿಯನ್ನು ಹಸಿವಿಗೆ ಕೆಡವಿದಾಗ, ಕರಗದೇ ಉಳಿದ ಚೀಲಗಳು ಒಳಗೆ ತುಂಬಿಕೊಂಡದ್ದು ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಕಂಡವು. ಅದನ್ನು ಅವರು 1992ರಲ್ಲಿ ಪ್ರಕಟಿಸಿದರು. ಮರುವರ್ಷ ಈ ಕೆಲಸಕ್ಕೆ ಬೇಕಾದ 15 ಜೀನುಗಳ ಜಾಡು ಹಿಡಿದರು. 2016ರ ನೊಬೆಲ್ ಅವರೊಬ್ಬರಿಗೇ ಸಂದಿತು. ಅವರ ವಿಧಾನವನ್ನು ನೆನಪಿಡಿ: ಕೊನೆಯ ಹಂತವನ್ನು ತಡೆದರೆ ಮಾತ್ರ ಅವರಿಗೆ ಚೀಲಗಳು ಕಂಡವು. ನಿಮ್ಮ ಮಗಳ ಪ್ರಯೋಗಕ್ಕೂ ಇದು ಬೇಕಾಗುತ್ತದೆ.

ಚೀಲ ಕಟ್ಟುವ ಬಗೆ ಹೀಗೆ. ಕೋಶದ್ರವದಲ್ಲಿ ಒಂದು ಚಪ್ಪಟೆ ಪೊರೆ ಹುಟ್ಟಿ, ಬಟ್ಟಲಿನ ಆಕಾರದಲ್ಲಿ ಬೆಳೆದು, ಬೇಡದ ವಸ್ತುವನ್ನು ಸುತ್ತುವರಿದು ಬಾಯಿ ಮುಚ್ಚಿಕೊಳ್ಳುತ್ತದೆ. ಎರಡು ಪದರದ ಪೊರೆಯ ಈ ಚೀಲಕ್ಕೆ ಆಟೊಫಾಗೊಸೋಮ್ ಎನ್ನುತ್ತಾರೆ. ಅಗಲ ಸುಮಾರು ಅರ್ಧದಿಂದ ಒಂದೂವರೆ ಮೈಕ್ರೊಮೀಟರ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರೊಮೀಟರ್). ಅದು ಲೈಸೊಸೋಮಿನೊಂದಿಗೆ ಕೂಡಿಕೊಂಡ ಮೇಲೆ ಒಳಗಿನದೆಲ್ಲ ಕರಗುತ್ತದೆ. ಪೊರೆ ಬೆಳೆಯುವಾಗ ಎಲ್‌ಸಿ3 ಎಂಬ ಪ್ರೋಟೀನು ಅದಕ್ಕೆ ಅಂಟಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಎಲ್ಲರೂ ಹುಡುಕುವ ಗುರುತು ಇದೇ.

ಇನ್ನು ನ್ಯಾನೊ ಕಣ. 1ರಿಂದ 100 ನ್ಯಾನೊಮೀಟರ್ ಗಾತ್ರದ್ದಕ್ಕೆ ಸಾಮಾನ್ಯವಾಗಿ ಈ ಹೆಸರು; ಮೈಕ್ರೊಮೀಟರಿನ ಸಾವಿರದಲ್ಲೊಂದು ಪಾಲು ಒಂದು ನ್ಯಾನೊಮೀಟರ್. ನಮ್ಮ ರಕ್ತದ ಕೆಂಪು ಕಣದ ಅಗಲ ಸುಮಾರು 7,000 ನ್ಯಾನೊಮೀಟರ್. 50 ನ್ಯಾನೊಮೀಟರಿನ ಚಿನ್ನದ ಕಣಗಳನ್ನು ಅದರ ಮೇಲೆ ಸಾಲಾಗಿ ಇಟ್ಟರೆ 140 ಹಿಡಿಸುತ್ತವೆ. ಈ ಗಾತ್ರಕ್ಕೆ ಇಳಿದಾಗ ವಸ್ತುವಿನ ಸ್ವಭಾವವೂ ಬದಲಾಗುತ್ತದೆ. ಚಿನ್ನ ನೀರಿನಲ್ಲಿ ಮಾಣಿಕ್ಯದಂತೆ ಕೆಂಪಗೆ ಕಾಣುತ್ತದೆ, ಬೆಳ್ಳಿ ಹಳದಿಯಾಗಿ. ಒಂದು ಗ್ರಾಂ ವಸ್ತುವನ್ನು ಇಷ್ಟು ಸಣ್ಣ ಚೂರುಗಳಾಗಿಸಿದರೆ ಹೊರಮೈ ವಿಪರೀತ ಹೆಚ್ಚುತ್ತದೆ. ಕೋಶದೊಂದಿಗೆ ನಡೆಯುವ ವ್ಯವಹಾರವೆಲ್ಲ ಆ ಹೊರಮೈಯಲ್ಲೇ.

ಆದರೆ ಕೋಶವು ಬರಿಮೈ ಕಣವನ್ನು ನೋಡುವುದೇ ಇಲ್ಲ ಎನ್ನಬಹುದು. ರಕ್ತಕ್ಕೋ, ಕೋಶ ಬೆಳೆಸುವ ದ್ರಾವಣಕ್ಕೋ ಬಿದ್ದ ಕೂಡಲೇ ಅಲ್ಲಿರುವ ಪ್ರೋಟೀನುಗಳು ಕಣದ ಮೈಗೆ ಬಂದು ಮೆತ್ತಿಕೊಳ್ಳುತ್ತವೆ. ಅಲ್ಬುಮಿನ್, ರೋಗನಿರೋಧಕ ಪ್ರೋಟೀನುಗಳು, ಕೊಬ್ಬು ಹೊರುವ ಪ್ರೋಟೀನುಗಳು ಹೀಗೆ. ಯಾವುದು ಮೆತ್ತಿತು ಎಂಬುದರ ಮೇಲೆ ಕೋಶ ಅದನ್ನು ಹೇಗೆ ಗುರುತಿಸುತ್ತದೆ, ಯಾವ ಅಂಗಕ್ಕೆ ಅದು ಹೋಗಿ ಸೇರುತ್ತದೆ ಎನ್ನುವುದು ನಿಂತಿದೆ. ಒಂದೇ ಬೆಳ್ಳಿ ಕಣ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಇರುವ ದ್ರಾವಣದಲ್ಲಿ ಒಂದು ಥರ, ಸೀರಮ್ ಇಲ್ಲದ ದ್ರಾವಣದಲ್ಲಿ ಇನ್ನೊಂದು ಥರ ವರ್ತಿಸುವುದು ಇದೇ ಕಾರಣಕ್ಕೆ. ಎರಡು ಲ್ಯಾಬುಗಳ ಫಲಿತಾಂಶ ಹೊಂದದಿದ್ದಾಗ ನಾನು ಮೊದಲು ಕೇಳುವ ಪ್ರಶ್ನೆಯೂ ಸೀರಮಿನದೇ.

ಆಮೇಲೆ ಕೋಶ ಅದನ್ನು ನುಂಗುತ್ತದೆ. ಪೊರೆ ಒಳಕ್ಕೆ ತಗ್ಗಾಗಿ, ಕಣವನ್ನು ಸುತ್ತಿಕೊಂಡು, ಕಿತ್ತುಕೊಂಡು ಒಳಗೆ ಬೀಳುತ್ತದೆ. ಕ್ಲಾಥ್ರಿನ್ ಎಂಬ ಪ್ರೋಟೀನಿನ ಹೊದಿಕೆಯಿಂದ ಆಗುವ ಚೀಲ ಸುಮಾರು 100 ನ್ಯಾನೊಮೀಟರಿನದು. ಇನ್ನೂ ದೊಡ್ಡ ಗುಂಪುಗಳಿಗೆ ಬೇರೆ ದಾರಿಗಳಿವೆ. ಕೆನಡಾದ ಟೊರೊಂಟೊದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಹೀಲಾ ಕೋಶಗಳು (ಪ್ರಯೋಗಾಲಯದಲ್ಲಿ ಬೆಳೆಸುವ ಮನುಷ್ಯರ ಕ್ಯಾನ್ಸರ್ ಕೋಶಗಳು) ಬೇರೆ ಬೇರೆ ಗಾತ್ರದ ಚಿನ್ನದ ಕಣಗಳ ಪೈಕಿ 50 ನ್ಯಾನೊಮೀಟರಿನವನ್ನೇ ಅತಿ ಹೆಚ್ಚು ಒಳಗೆ ತೆಗೆದುಕೊಂಡವು. ತೀರಾ ಸಣ್ಣ ಕಣಕ್ಕೆ ಪೊರೆಯನ್ನು ಬಗ್ಗಿಸುವಷ್ಟು ಹಿಡಿತ ಇರುವುದಿಲ್ಲ, ತೀರಾ ದೊಡ್ಡದನ್ನು ಸುತ್ತಲು ಪೊರೆಯೂ ಶಕ್ತಿಯೂ ಬಹಳ ಬೇಕು.

ಒಳಗೆ ಹೋದ ಕಣ ಎಂಡೊಸೋಮ್ ಎಂಬ ಚೀಲದಲ್ಲಿ ಪಯಣಿಸುತ್ತದೆ. ಒಳಗಿನ ಪಿಎಚ್ (ಆಮ್ಲದ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಮೊದಲು 6ರ ಆಸುಪಾಸು, ಬರಬರುತ್ತ 5, ಕೊನೆಗೆ ಲೈಸೊಸೋಮಿನಲ್ಲಿ 4.5ರಿಂದ 5. ಊಟದ ಪ್ರೋಟೀನಾಗಿದ್ದರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು. ಚಿನ್ನವನ್ನು ಕಡಿಯುವ ಕಿಣ್ವ ಯಾವ ಕೋಶದಲ್ಲೂ ಇಲ್ಲ. ಸತುವಿನ ಆಕ್ಸೈಡು ಆ ಆಮ್ಲದಲ್ಲಿ ಬೇಗ ಕರಗಿ ಸತುವಿನ ಅಯಾನುಗಳನ್ನು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳನ್ನು, ಒಮ್ಮೆಗೇ ಬಿಡುತ್ತದೆ. ಬೆಳ್ಳಿ ನಿಧಾನವಾಗಿ ಅಯಾನು ಬಿಡುತ್ತ ಹೋಗುತ್ತದೆ, ಆ ಅಯಾನು ಗಂಧಕವಿರುವ ಪ್ರೋಟೀನುಗಳಿಗೆ ಅಂಟಿ ಅವುಗಳ ಕೆಲಸ ಕೆಡಿಸುತ್ತದೆ. ಧನ ವಿದ್ಯುದಂಶವಿರುವ ಪ್ಲಾಸ್ಟಿಕ್ ಕಣಗಳು ಲೈಸೊಸೋಮಿನ ಪೊರೆಯನ್ನೇ ಹರಿಯುತ್ತವೆ. ಕಣ ಯಾವುದು ಎಂದು ಹೇಳದೆ ‘ನ್ಯಾನೊ ಕಣ ಹೀಗೆ ಮಾಡುತ್ತದೆ’ ಎಂದು ಬರೆಯುವ ಲೇಖನಗಳನ್ನು ಕಂಡರೆ ನನಗೆ ಬೇಸರವಾಗುವುದು ಇದಕ್ಕೇ. ಗಾತ್ರ ಒಂದೇ ಆದ ಮಾತ್ರಕ್ಕೆ ಗುಣ ಒಂದೇ ಆಗುವುದಿಲ್ಲ.

ಆಟೊಫೇಜಿ ಶುರುವಾಗುವ ದಾರಿಗಳು ಹಲವು. ನನಗೆ ಅತಿ ಸೋಜಿಗದ್ದು ಎನಿಸುವುದು ಹರಿದ ಪೊರೆಯದು. ಎಂಡೊಸೋಮಿನ, ಲೈಸೊಸೋಮಿನ ಒಳಗೋಡೆಗೆ ಸಕ್ಕರೆಯ ಸರಪಳಿಗಳಿರುತ್ತವೆ. ಅವು ಕೋಶದ್ರವಕ್ಕೆ ಎಂದೂ ಕಾಣಬಾರದು. ಕಣ ಪೊರೆ ಹರಿದಾಗ ಅವು ಬಯಲಾಗುತ್ತವೆ. ಗ್ಯಾಲೆಕ್ಟಿನ್ ಎಂಬ ಪ್ರೋಟೀನುಗಳು ಕೂಡಲೇ ಅಲ್ಲಿಗೆ ಬಂದು ಕೂರುತ್ತವೆ, ಆಟೊಫೇಜಿಯ ಪೊರೆಯನ್ನು ಕರೆತರುತ್ತವೆ, ಹಾಳಾದ ಚೀಲ ಕಣದ ಸಮೇತ ಸುತ್ತಿಹೋಗುತ್ತದೆ. ಬ್ಯಾಕ್ಟೀರಿಯಾ ಒಳನುಗ್ಗಿದಾಗಲೂ ಕೋಶ ಮಾಡುವುದು ಇದನ್ನೇ. ಕೋಶಕ್ಕೆ ನ್ಯಾನೊ ಕಣದ ಗುರುತಿಲ್ಲ. ಪೊರೆ ಹರಿದದ್ದರ ಗುರುತಿದೆ, ಅಷ್ಟೇ.

ಇನ್ನೊಂದು ದಾರಿ ಎಂಟಾರ್ ಎಂಬ ಪ್ರೋಟೀನಿನದು. ಇದು ಲೈಸೊಸೋಮಿನ ಮೈಮೇಲೇ ಕುಳಿತು, ಅಮೈನೊ ಆಮ್ಲಗಳು ಸಾಕಷ್ಟಿವೆಯೇ ಎಂದು ನೋಡುತ್ತಿರುತ್ತದೆ. ಸಾಕಷ್ಟಿದ್ದರೆ ಆಟೊಫೇಜಿಯನ್ನು ತಡೆದಿಡುತ್ತದೆ. ಲೈಸೊಸೋಮಿಗೆ ಪೆಟ್ಟು ಬಿದ್ದರೆ ಎಂಟಾರ್ ಕೆಳಗಿಳಿಯುತ್ತದೆ, ತಡೆ ತೆಗೆದುಹೋಗುತ್ತದೆ. ಜೊತೆಗೇ ಟಿಎಫ್‌ಇಬಿ ಎಂಬ ಪ್ರೋಟೀನು ನ್ಯೂಕ್ಲಿಯಸ್ಸಿಗೆ ಹೋಗಿ ಹೊಸ ಲೈಸೊಸೋಮುಗಳಿಗೆ ಬೇಕಾದ ಜೀನುಗಳನ್ನು ಚಾಲೂ ಮಾಡುತ್ತದೆ. ಮೂರನೆಯದು ಮೈಟೊಕಾಂಡ್ರಿಯಾಕ್ಕೆ ಆಗುವ ಹಾನಿ: ಲೋಹದ ಅಯಾನುಗಳಿಂದ ಚುರುಕಾದ ಆಮ್ಲಜನಕದ ಅಣುಗಳು ಹುಟ್ಟಿ ಮೈಟೊಕಾಂಡ್ರಿಯಾವನ್ನು ಕೆಡಿಸುತ್ತವೆ, ಕೆಟ್ಟದ್ದನ್ನು ತೆಗೆಯಲು ಆಟೊಫೇಜಿ ಏಳುತ್ತದೆ. ಒಂದೇ ಕಣ ಈ ಮೂರನ್ನೂ ಒಟ್ಟಿಗೆ ಮಾಡಬಹುದು.

ಇಲ್ಲಿಯವರೆಗೆ ಶುರುವಾಗುವ ಮಾತು. ಈಗ ಕಟ್ಟಿಕೊಳ್ಳುವ ಮಾತಿಗೆ ಬರುತ್ತೇನೆ. ನಿಮ್ಮ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. ಸೀಜನ್ನಿನಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಹೋದರೆ ಅಂಗಳದ ತುಂಬ ಮೆಣಸಿನಕಾಯಿ ಚೀಲ ಒಟ್ಟಿರುತ್ತವೆ. ಅದನ್ನೊಂದು ಫೋಟೊ ತೆಗೆದು ನಿಮಗೆ ತೋರಿಸಿ, ‘ನೋಡ್ರಿ, ಈ ಸಲ ವ್ಯಾಪಾರ ಭರ್ಜರಿ’ ಎಂದರೆ ನೀವು ಒಪ್ಪುತ್ತೀರಾ? ಆವಕ ಹೆಚ್ಚಾಗಿ ಚೀಲ ಬಿದ್ದಿರಬಹುದು. ಲಾರಿ ಬಾರದೆ, ಮಾಲು ಎತ್ತದೆ ಬಿದ್ದಿರಲೂಬಹುದು. ಫೋಟೊದಲ್ಲಿ ಎರಡೂ ಒಂದೇ. ಎಷ್ಟು ಬಂತು, ಎಷ್ಟು ಹೋಯಿತು ಎಂಬ ಲೆಕ್ಕ ನೋಡಿದರಷ್ಟೇ ಗೊತ್ತಾಗುವುದು. ಕೋಶದೊಳಗಿನ ಆಟೊಫಾಗೊಸೋಮುಗಳದ್ದೂ ಇದೇ ಸ್ಥಿತಿ. ಹೆಚ್ಚು ಚೀಲ ಕಂಡವು ಎಂದರೆ ಹೆಚ್ಚು ಕಟ್ಟಲಾಗುತ್ತಿದೆ ಎಂದೂ ಆದೀತು, ಕಟ್ಟಿದ್ದು ಲೈಸೊಸೋಮಿನಲ್ಲಿ ಕರಗುತ್ತಿಲ್ಲ ಎಂದೂ ಆದೀತು.

ಮೊದಮೊದಲ ಪ್ರಬಂಧಗಳಲ್ಲಿ ಹಲವು ಈ ಫೋಟೊವನ್ನಷ್ಟೇ ನೋಡಿ ‘ಕಣ ಆಟೊಫೇಜಿಯನ್ನು ಹೆಚ್ಚಿಸಿತು’ ಎಂದು ಬರೆದವು. 2011ರಲ್ಲಿ ಚೀನಾದ ಸಂಶೋಧಕರು ಇಲಿಯ ಮೂತ್ರಪಿಂಡದ ಕೋಶಗಳಿಗೆ 10, 25, 50 ನ್ಯಾನೊಮೀಟರಿನ ಚಿನ್ನದ ಕಣಗಳನ್ನು ಹಾಕಿ ನೋಡಿದರು. ಆಟೊಫಾಗೊಸೋಮುಗಳು ಹೆಚ್ಚಿದವು, ಸರಿ. ಆದರೆ ಲೈಸೊಸೋಮುಗಳು ಉಬ್ಬಿದ್ದವು, ಅವುಗಳ ಆಮ್ಲ ಇಳಿದಿತ್ತು, ಒಳಗೆ ಕರಗಬೇಕಾದ ಪಿ62 ಎಂಬ ಪ್ರೋಟೀನು ಕರಗದೆ ಉಳಿದಿತ್ತು. ಮಾಲು ಹೊರಗೆ ಹೋಗುತ್ತಿರಲಿಲ್ಲ. ಕಣ ದೊಡ್ಡದಾದಷ್ಟೂ ಪರಿಣಾಮ ಹೆಚ್ಚು. ಚಿನ್ನದಂಥ ತಟಸ್ಥ ಲೋಹವೂ ಬರೇ ಲೈಸೊಸೋಮಿನಲ್ಲಿ ತುಂಬಿ ಕುಳಿತದ್ದರಿಂದ ಇಷ್ಟು ಮಾಡಿತು ಎನ್ನುವುದು ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು.

ನಿಮ್ಮ ಮಗಳಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ, ಆದ್ದರಿಂದ ಈ ಭಾಗವನ್ನು ಆಕೆಗೆ ಓದಲು ಕೊಡಿ. ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಓಡಿಸಿ ಗುರುತಿಸುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆ ಮಾಡಿದಾಗ ಎಲ್‌ಸಿ3ಯ ಎರಡು ಪಟ್ಟಿಗಳು ಒಂದರ ಕೆಳಗೊಂದು ಬರುತ್ತವೆ. ಮೇಲಿನದು ಕೋಶದ್ರವದಲ್ಲಿ ಬಿಡಿಯಾಗಿರುವ ಎಲ್‌ಸಿ3-1. ಕೆಳಗಿನದು ಪೊರೆಗೆ ಅಂಟಿದ ಎಲ್‌ಸಿ3-2. ಕೊಬ್ಬಿನ ತುಂಡು ಸೇರಿ ತೂಕ ಹೆಚ್ಚಿದ್ದರೂ ಅದು ಜೆಲ್ಲಿನಲ್ಲಿ ವೇಗವಾಗಿ ಓಡಿ ಕೆಳಗೆ ಬರುತ್ತದೆ. ಕಣ ಹಾಕಿದ ಸಾಲಿನಲ್ಲಿ ಕೆಳಪಟ್ಟಿ ದಟ್ಟವಾಯಿತು ಎಂದು ಖುಷಿಪಟ್ಟು ನಿಲ್ಲಬಾರದು. ಅದೇ ಬ್ಲಾಟಿನಲ್ಲಿ ಇನ್ನೆರಡು ಸಾಲು ಇರಬೇಕು: ಕ್ಲೋರೊಕ್ವಿನ್ ಮಾತ್ರ ಹಾಕಿದ್ದು, ಕಣ ಮತ್ತು ಕ್ಲೋರೊಕ್ವಿನ್ ಎರಡೂ ಹಾಕಿದ್ದು. ಮಲೇರಿಯಾಕ್ಕೆ ಕೊಡುವ ಅದೇ ಕ್ಲೋರೊಕ್ವಿನ್ ಆಟೊಫೇಜಿಯ ಕೊನೆಯ ಹಂತವನ್ನು ತಡೆಯುತ್ತದೆ, ಒಸುಮಿಯವರ ಕಿಣ್ವವಿಲ್ಲದ ಯೀಸ್ಟ್ ಮಾಡಿದ ಕೆಲಸವನ್ನೇ ಇಲ್ಲಿ ಮಾಡುತ್ತದೆ. ಎರಡೂ ಹಾಕಿದ ಸಾಲಿನಲ್ಲಿ ಪಟ್ಟಿ ಕ್ಲೋರೊಕ್ವಿನ್ ಮಾತ್ರದ ಸಾಲಿಗಿಂತ ಇನ್ನೂ ದಟ್ಟವಾದರೆ ಕಣವು ನಿಜವಾಗಿ ಹೊಸ ಚೀಲ ಕಟ್ಟಿಸುತ್ತಿದೆ. ಹೆಚ್ಚೇನೂ ಆಗದಿದ್ದರೆ ಕಣ ತಾನೇ ಕೊನೆಯ ಹಂತವನ್ನು ತಡೆದಿದೆ ಎಂಬ ಗುಮಾನಿ ಬರಬೇಕು. ಜೊತೆಗೆ ಪಿ62 ಇಳಿಯಿತೋ ಏರಿತೋ ನೋಡಬೇಕು; ಕೆಲಸ ಪೂರ್ತಿ ನಡೆದರೆ ಅದು ಇಳಿಯುತ್ತದೆ.

ಸೂಕ್ಷ್ಮದರ್ಶಕದಲ್ಲಿ ನೋಡುವ ಇನ್ನೊಂದು ವಿಧಾನ ಬಹಳ ಚೆಂದ. ಎಲ್‌ಸಿ3ಗೆ ಹಸಿರು ಮತ್ತು ಕೆಂಪು ಹೊಳೆಯುವ ಎರಡು ಪ್ರೋಟೀನುಗಳನ್ನು ಒಟ್ಟಿಗೆ ಜೋಡಿಸಿರುತ್ತಾರೆ. ಆಮ್ಲ ಸೋಕಿದರೆ ಹಸಿರು ಆರುತ್ತದೆ, ಕೆಂಪು ಉಳಿಯುತ್ತದೆ. ಚೀಲ ಲೈಸೊಸೋಮನ್ನು ಸೇರುವ ಮೊದಲು ಎರಡೂ ಬಣ್ಣ ಕೂಡಿ ಹಳದಿ ಚುಕ್ಕೆ. ಸೇರಿ ಆಮ್ಲವಾದ ಮೇಲೆ ಬರೇ ಕೆಂಪು ಚುಕ್ಕೆ. ಹಳದಿ ಚುಕ್ಕೆಗಳೇ ತುಂಬಿ ಕೆಂಪು ಕಾಣದಿದ್ದರೆ ದಾರಿ ಎಲ್ಲೋ ಕಟ್ಟಿದೆ.

ಆಕೆ ಎಲೆಯ ಕಷಾಯದಿಂದ ಬೆಳ್ಳಿ ಕಣ ಮಾಡುತ್ತಿದ್ದರೆ ಇನ್ನೊಂದು ಎಚ್ಚರಿಕೆ. ನಮ್ಮ ಭಾಗದ ಕಾಲೇಜುಗಳಲ್ಲಿ ಬೇವು, ತುಳಸಿ, ನುಗ್ಗೆ ಎಲೆಯ ಕಷಾಯಕ್ಕೆ ಸಿಲ್ವರ್ ನೈಟ್ರೇಟ್ ಸೇರಿಸಿ, ದ್ರಾವಣ ಹಳದಿಯಿಂದ ಕಂದಾಗುವುದನ್ನು ಕಾಯುವುದು ಬಹಳ ರೂಢಿ. ವಿಧಾನ ಅಗ್ಗ, ಒಳ್ಳೆಯದೂ ಹೌದು. ಆದರೆ ಕಷಾಯದ ಪಾಲಿಫಿನಾಲುಗಳು ಕಣದ ಮೈಗೆ ಮೆತ್ತಿಕೊಂಡೇ ಬರುತ್ತವೆ, ಅವುಗಳಲ್ಲಿ ಕೆಲವು ತಾವೇ ಆಟೊಫೇಜಿ ಎಬ್ಬಿಸಬಲ್ಲವು. ಹೀಗಾಗಿ ಕಷಾಯ ಮಾತ್ರ ಹಾಕಿದ ಕೋಶಗಳು, ಸಿಲ್ವರ್ ನೈಟ್ರೇಟ್ ಮಾತ್ರ ಹಾಕಿದ ಕೋಶಗಳು, ಕಣಗಳನ್ನು ಸೆಂಟ್ರಿಫ್ಯೂಜಿನಲ್ಲಿ ತೆಗೆದ ಮೇಲೆ ಉಳಿದ ನೀರು ಹಾಕಿದ ಕೋಶಗಳು ಪ್ರಯೋಗದಲ್ಲಿ ಇರಲೇಬೇಕು. ಇವಿಲ್ಲದೆ ಪರಿಣಾಮ ಕಣದ್ದೋ, ಅಯಾನಿನದೋ, ಬೇವಿನದೋ ಹೇಳಲಾಗದು. ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಎಂಬ ವಿಷವಸ್ತು ಕಣಕ್ಕೆ ಅಂಟಿಕೊಂಡು ಬರುವುದೂ ಉಂಟು, ಅದೊಂದೇ ಸಾಕು ಕೋಶವನ್ನು ಎಬ್ಬಿಸಲು. ಗೈಡ್ ಹೇಳದಿದ್ದರೂ ಈ ನಿಯಂತ್ರಣಗಳನ್ನು ಆಕೆಯೇ ಕೇಳಿ ಹಾಕಿಸಿಕೊಳ್ಳಲಿ. ಮೌಖಿಕ ಪರೀಕ್ಷೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.

ಈಗ ಕ್ಯಾನ್ಸರ್ ಔಷಧದ ಪ್ರಶ್ನೆ. ಆಸ್ಪತ್ರೆಗಳಲ್ಲಿ ಇವತ್ತು ಕೊಡುವ ನ್ಯಾನೊ ಔಷಧಗಳ ಕೆಲಸ ಆಟೊಫೇಜಿ ಎಬ್ಬಿಸುವುದಲ್ಲ, ಹಳೆಯ ಔಷಧವನ್ನೇ ಹೊತ್ತೊಯ್ಯುವುದು. 1995ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡಾಕ್ಸಿಲ್ ಇಂಥ ಮೊದಲನೆಯದು: ಡಾಕ್ಸೊರುಬಿಸಿನ್ ಎಂಬ ಔಷಧವನ್ನು ಸುಮಾರು 100 ನ್ಯಾನೊಮೀಟರಿನ ಕೊಬ್ಬಿನ ಗುಳ್ಳೆಯಲ್ಲಿ ತುಂಬಿದ್ದು. ನಮ್ಮ ಕಡೆಯ ಆಸ್ಪತ್ರೆಗಳ ಚೀಟಿಯಲ್ಲಿ ‘ಲೈಪೊಸೋಮಲ್ ಡಾಕ್ಸೊರುಬಿಸಿನ್’ ಎಂದಿದ್ದರೆ ಅದು ಇದೇ ಜಾತಿಯದು. ಬಿಡಿ ಡಾಕ್ಸೊರುಬಿಸಿನ್ ಹೃದಯಕ್ಕೆ ಮಾಡುವ ಹಾನಿ ಇದರಲ್ಲಿ ಕಡಿಮೆ; ಬದಲಿಗೆ ಅಂಗೈ ಅಂಗಾಲು ಕೆಂಪಾಗಿ ಉರಿಯುವುದು, ಸಿಪ್ಪೆ ಏಳುವುದು ಹೆಚ್ಚು. ಹಾಗೆ ಆದರೆ ವೈದ್ಯರಿಗೆ ತಡಮಾಡದೆ ಹೇಳಬೇಕು. ಈ ಕಣಗಳು ನೇರ ಗಡ್ಡೆಗೇ ಹೋಗುತ್ತವೆ ಎಂಬ ಜಾಹೀರಾತಿನ ಮಾತನ್ನು ಮಾತ್ರ ನಂಬಬೇಡಿ. ಪ್ರಾಣಿಗಳ ಮೇಲೆ ಹತ್ತು ವರ್ಷ ನಡೆದ ಪ್ರಯೋಗಗಳನ್ನು ಒಟ್ಟುಹಾಕಿ 2016ರಲ್ಲಿ ಲೆಕ್ಕ ತೆಗೆದಾಗ, ಚುಚ್ಚಿದ ಕಣಗಳಲ್ಲಿ ಗಡ್ಡೆ ತಲುಪಿದ್ದು ನಡುಮೌಲ್ಯದಲ್ಲಿ ಶೇ 0.7 ಮಾತ್ರ. ಉಳಿದದ್ದರಲ್ಲಿ ಬಹುಪಾಲು ಹೋಗುವುದು ಯಕೃತ್ತು, ಗುಲ್ಮಕ್ಕೆ.

ಆಟೊಫೇಜಿಯನ್ನೇ ಗುರಿಯಾಗಿಟ್ಟುಕೊಂಡ ಕಣಗಳು ಇನ್ನೂ ಪ್ರಯೋಗಾಲಯದ ಮಾತು. ಅಲ್ಲಿ ಆಸೆ ಎರಡು ದಿಕ್ಕಿಗಿದೆ. ಬೆಳೆದುನಿಂತ ಗಡ್ಡೆಯ ಕೋಶಗಳು ಕೀಮೊ ಹೊಡೆತವನ್ನು ತಾಳಿಕೊಳ್ಳಲು ಆಟೊಫೇಜಿಯನ್ನೇ ಆಸರೆ ಮಾಡಿಕೊಳ್ಳುತ್ತವೆ. ಅಂಥಲ್ಲಿ ದಾರಿ ಕಟ್ಟುವ ಕಣ ಕೀಮೊಗೆ ಜೊತೆಯಾಗಬಹುದು. ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆಯನ್ನು ಕೀಮೊ ಜೊತೆ ಕೊಟ್ಟು ನೋಡುತ್ತಿರುವುದೂ ಇದೇ ವಿಚಾರದಿಂದ. ಆದರೆ ಆರೋಗ್ಯವಂತ ಕೋಶದಲ್ಲಿ ಆಟೊಫೇಜಿಯೇ ಕ್ಯಾನ್ಸರ್ ಹುಟ್ಟದಂತೆ ಕಾಯುತ್ತದೆ. ಅಮೆರಿಕದ ಬೆತ್ ಲೆವಿನ್ ಅವರ ತಂಡ 1999ರಲ್ಲಿ, ಆಟೊಫೇಜಿಗೆ ಬೇಕಾದ ಬೆಕ್ಲಿನ್-1 ಪ್ರೋಟೀನು ಗಡ್ಡೆ ಬೆಳೆಯದಂತೆ ತಡೆಯುತ್ತದೆ ಎಂದು ತೋರಿಸಿತು. ಇನ್ನೊಂದೆಡೆ, ಮಿದುಳಿನಲ್ಲಿ ಕೆಟ್ಟ ಪ್ರೋಟೀನು ಕೂಡಿಬೀಳುವ ಪಾರ್ಕಿನ್ಸನ್ನಿನಂಥ ಕಾಯಿಲೆಗಳಲ್ಲಿ ದಾರಿ ಬಿಡಿಸುವ ಕಣ ಬೇಕು. ಕರಗಿದಾಗ ಆಮ್ಲ ಬಿಡುವ ಪಿಎಲ್‌ಜಿಎ ಎಂಬ ಪಾಲಿಮರ್ ಕಣಗಳು, ಆಮ್ಲ ಕಳೆದುಕೊಂಡ ಲೈಸೊಸೋಮುಗಳನ್ನು ಮತ್ತೆ ಕೆಲಸಕ್ಕೆ ಹಚ್ಚಿದ್ದನ್ನು ಕೋಶಗಳಲ್ಲಿ ತೋರಿಸಿದ್ದಾರೆ. ಕಣ ಯಾವ ಅಂಗಕ್ಕೆ ಹೋಗಿ ಯಾವ ಹಂತವನ್ನು ಮುಟ್ಟುತ್ತದೆ ಎಂದು ಗೊತ್ತಾಗದೆ ಇದನ್ನು ಮನುಷ್ಯರಿಗೆ ಕೊಡಲಾಗದು. ಡಿಶ್ಶಿನಲ್ಲಿ ಕೋಶಗಳ ಮೇಲೆ ಸುರಿಯುವ ಪ್ರಮಾಣವನ್ನು ನೋಡಿ ‘ಕ್ಯಾನ್ಸರಿಗೆ ಮದ್ದು ಸಿಕ್ಕಿತು’ ಎಂದು ಪತ್ರಿಕೆಗೆ ಸುದ್ದಿ ಕೊಡುವ ಚಾಳಿ ನಿಲ್ಲಬೇಕು. ಅದನ್ನು ನಂಬಿ ಚಿಕಿತ್ಸೆ ಬಿಟ್ಟವರಿಗೆ ಆಗುವ ನಷ್ಟ ದೊಡ್ಡದು.

ನಿಮ್ಮ ಹೊಲದ ವಿಷಯ. ಮೇಲೆ ಹೇಳಿದ ತೊಂದರೆಯೆಲ್ಲ ಕೋಶದೊಳಗೆ ಕರಗದೆ ಉಳಿಯುವ, ಇಲ್ಲವೇ ಲೋಹದ ಅಯಾನು ಬಿಡುವ ಕಣಗಳದು. ಯೂರಿಯಾ ನೀರಿನಲ್ಲಿ ಸಲೀಸಾಗಿ ಕರಗುವ ಸಣ್ಣ ಅಣು, ಗಿಡಕ್ಕೂ ನಮ್ಮ ದೇಹಕ್ಕೂ ಪರಿಚಿತ. ಬೆಳ್ಳಿ ಕಣದ ಫಲಿತಾಂಶವನ್ನು ತಂದು ಅದಕ್ಕೆ ಹಚ್ಚಲು ಆಧಾರವಿಲ್ಲ. ಅದರ ಬಗ್ಗೆ ನೀವು ಕೇಳಬೇಕಾದ ಪ್ರಶ್ನೆ ಬೇರೆ. 2021ರಲ್ಲಿ ಮೊದಲು ಬಂದ ಅರ್ಧ ಲೀಟರ್ ಬಾಟಲಿಯಲ್ಲಿ ಸಾರಜನಕ ಶೇ 4, ಅಂದರೆ 20 ಗ್ರಾಂ. 45 ಕಿಲೊ ಯೂರಿಯಾ ಚೀಲದಲ್ಲಿ ಶೇ 46, ಅಂದರೆ 20 ಕಿಲೊಗಿಂತ ತುಸು ಹೆಚ್ಚು. ಸಾವಿರ ಪಟ್ಟು ವ್ಯತ್ಯಾಸ. ಆಮೇಲೆ ಪ್ರಮಾಣ ಹೆಚ್ಚಿಸಿದ ಬಾಟಲಿಯೂ ಬಂದಿದೆ, ಲೇಬಲ್ ನೋಡಿಕೊಳ್ಳಿ. ಆದರೂ ಗೋವಿನಜೋಳದಂಥ ಹೊಟ್ಟೆಬಾಕ ಬೆಳೆಗೆ ಬರೇ ಎಲೆಯ ಮೇಲೆ ಹೊಡೆದು, ಬುಡಕ್ಕೆ ಕೊಡುವ ಗೊಬ್ಬರವನ್ನು ಪೂರ್ತಿ ಬಿಡುವುದು ಜಾಣತನವಲ್ಲ ಎನ್ನುವುದು ನನ್ನ ಅಭಿಪ್ರಾಯ. ನಿಮ್ಮ ತಾಲೂಕಿನಲ್ಲೇ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವಿದೆ. ನಿಮ್ಮ ಮಣ್ಣಿಗೆ ಎಷ್ಟು ಬೇಕು ಎಂದು ಅವರನ್ನೇ ಕೇಳಿ.

ಅಂದಹಾಗೆ, ಆಟೊಫೇಜಿಯ ಫಲವನ್ನು ನೀವು ಹೊಲದಲ್ಲಿ ಕಣ್ಣಾರೆ ನೋಡಿದ್ದೀರಿ. ಸಾರಜನಕ ಸಾಲದಾದಾಗ ಗೋವಿನಜೋಳದ ಕೆಳಗಿನ ಎಲೆಗಳು ತುದಿಯಿಂದ ನಡುದಿಂಡಿನ ಗುಂಟ ಹಳದಿಯಾಗುತ್ತ ಬರುತ್ತವಲ್ಲ, ಆಗ ಆ ಎಲೆಯ ಕೋಶಗಳು ತಮ್ಮ ಹಸಿರಿನ ಪ್ರೋಟೀನುಗಳನ್ನು ಒಡೆದು ಸಾರಜನಕವನ್ನು ಮೇಲಿನ ಎಲೆಗೆ, ತೆನೆಗೆ ಸಾಗಿಸುತ್ತಿರುತ್ತವೆ. ಆ ಒಡೆಯುವ ಕೆಲಸದಲ್ಲಿ ಆಟೊಫೇಜಿಗೆ ದೊಡ್ಡ ಪಾಲಿದೆ. ಅದಕ್ಕೆ ಬೇಕಾದ ಜೀನು ಕೆಟ್ಟ ಗೋವಿನಜೋಳದ ಗಿಡಗಳು ಸಾರಜನಕದ ಕೊರತೆಯನ್ನು ತಾಳಲಾರವು, ಅವುಗಳ ಕಾಳಿಗೆ ಎಲೆಯ ಸಾರಜನಕ ಸರಿಯಾಗಿ ಬಂದು ಸೇರುವುದಿಲ್ಲ.

ಕೊನೆಗೆ ಮಗಳ ವಿಷಯ. ದ್ರಾವಣದಲ್ಲಿರುವ ಕಣವನ್ನು ಕೈಗವಸು ಹಾಕಿಕೊಂಡು ಬಳಸಿದರೆ ಗಾಬರಿಪಡುವಂಥದ್ದಿಲ್ಲ. ಹಾಳಾಗದ ಚರ್ಮವನ್ನು ದಾಟುವುದು ಇವಕ್ಕೆ ಸುಲಭವಲ್ಲ. ಬೆಳ್ಳಿಯನ್ನು ವರ್ಷಗಟ್ಟಲೆ ಕುಡಿದವರ ಚರ್ಮ ನೀಲಿ-ಬೂದಿಗೆ ತಿರುಗಿದ್ದುಂಟು, ಪ್ರಾಜೆಕ್ಟಿನಲ್ಲಿ ಹಾಗಾಗುವ ಮಾತಿಲ್ಲ. ನಿಜವಾಗಿ ಹುಷಾರಾಗಿರಬೇಕಾದ್ದು ಒಣ ಪುಡಿಯ ಬಗ್ಗೆ. ಉಸಿರಿನಲ್ಲಿ ಹೋದ ಪುಡಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಕಲ್ಲು ಕ್ರಷರಿನಲ್ಲಿ ದುಡಿಯುವವರ ಎದೆಯನ್ನು ಸಿಲಿಕಾ ಧೂಳು ಹಾಳು ಮಾಡುವುದರ ಹಿಂದೆಯೂ ಇದೇ ಲೈಸೊಸೋಮ್ ಹರಿಯುವ ಕತೆ ಇದೆ: ಧೂಳನ್ನು ನುಂಗಿದ ಕೋಶದ ಲೈಸೊಸೋಮ್ ಒಡೆದು, ಕಿಣ್ವಗಳು ಚೆಲ್ಲಿ, ಉರಿಯೂತ ಏಳುತ್ತದೆ. ಆದ್ದರಿಂದ ಪುಡಿ ತೂಗುವುದಿದ್ದರೆ ಫ್ಯಾನ್ ಕೆಳಗೆ ತೆರೆದ ಬೆಂಚಿನ ಮೇಲೆ ಬೇಡ, ಗಾಳಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ಡಿನೊಳಗೆ, ಎನ್95 ಮಾಸ್ಕ್ ಹಾಕಿಕೊಂಡು. ಸಾಧ್ಯವಿದ್ದರೆ ಒಣಗಿಸದೆ ದ್ರಾವಣವಾಗಿಯೇ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಉಳಿದದ್ದನ್ನು ಸಿಂಕಿಗೆ ಸುರಿಯದೆ ಲೋಹದ ತ್ಯಾಜ್ಯದ ಬಾಟಲಿಗೆ ಹಾಕಬೇಕು.

ಊರಿಗೆ ಬಂದಾಗ ಆಕೆಯ ಬೆರಳ ತುದಿ ಒಮ್ಮೆ ನೋಡಿ. ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿದರೆ ಬೆಳಕಿಗೆ ಕಂದು-ಕಪ್ಪು ಕಲೆ ಬೀಳುತ್ತದೆ, ಸೋಪಿಗೆ ಹೋಗುವುದಿಲ್ಲ. ಕೆಲವು ದಿನಗಳಲ್ಲಿ ಮೇಲಿನ ಚರ್ಮ ಉದುರಿದಂತೆ ತಾನಾಗಿ ಹೋಗುತ್ತದೆ, ಅದರಿಂದ ಭಯವಿಲ್ಲ. ಆದರೆ ಕಲೆ ಇದೆ ಎಂದರೆ ಕೈಗವಸಿಲ್ಲದೆ ಕೆಲಸ ಮಾಡಿದ್ದಾಳೆ ಎಂದೇ ಅರ್ಥ. ಲ್ಯಾಬಿನಲ್ಲಿ ಕೈಗವಸು ಮುಗಿದಿದ್ದರೆ ನೈಟ್ರೈಲ್ ಕೈಗವಸಿನ ಒಂದು ಪೆಟ್ಟಿಗೆ ಕೊಡಿಸಿ ಕಳಿಸಿ.